ಕಾರ್ಡು ಬರೆದು ಗೆಲ್ಲಿಸಿದರು

ನಮಸ್ಕಾರ. ರೇಡಿಯೋ ಸ್ಟೇಷನ್‌ಗೆ ಕಾರ್ಡು ಬರೆದವರು ಈಗ ಕೇಳುತ್ತಿರುವವರಲ್ಲಿ ಖಂಡಿತ ಇದ್ದೀರಿ. ಮೆಚ್ಚಿನ ಹಾಡಿನ ಹೆಸರು, ಅದರ ಕೆಳಗೆ ಮನೆಮಂದಿಯ ಹೆಸರೆಲ್ಲ ಸಾಲಾಗಿ. ಜಾಗ ಉಳಿದರೆ ಪಕ್ಕದ ಮನೆಯವರದ್ದೂ. ಆಮೇಲೆ ಹೆಸರು ಬರುತ್ತದೋ ಇಲ್ಲವೋ ಅಂತ ರೇಡಿಯೋ ಪಕ್ಕದಿಂದ ಏಳುತ್ತಿರಲಿಲ್ಲ, ಅಲ್ವಾ?

ಅಂಥದ್ದೇ ಕಾರ್ಡುಗಳಿಂದ ಶುರುವಾದ ಒಂದು ಕ್ರೀಡಾ ಪ್ರಶಸ್ತಿಯ ಕಥೆ ಇವತ್ತು ಹೇಳುತ್ತೇನೆ. ಇದು ಇಂಗ್ಲೆಂಡಿನದು. ಬಿಬಿಸಿ ಟಿವಿಯಲ್ಲಿ ಪ್ರತಿ ವರ್ಷದ ಕೊನೆಗೆ ಬರುವ 'ಸ್ಪೋರ್ಟ್ಸ್ ಪರ್ಸನಾಲಿಟಿ ಆಫ್ ದಿ ಇಯರ್'. ವರ್ಷದ ಕ್ರೀಡಾ ವ್ಯಕ್ತಿ ಅನ್ನೋಣ. 'ವರ್ಷದ ಅತ್ಯುತ್ತಮ ಆಟಗಾರ' ಅಂತ ಅವರು ಹೆಸರಿಡಲಿಲ್ಲ ನೋಡಿ. ಆಮೇಲೆ ಬಂದ ತಕರಾರೆಲ್ಲ ಅಲ್ಲಿಂದಲೇ.

1954. ಬಿಬಿಸಿಯಲ್ಲಿ 'ಸ್ಪೋರ್ಟ್ಸ್‌ವ್ಯೂ' ಅಂತ ಒಂದು ಹೊಸ ಕಾರ್ಯಕ್ರಮ. ಅದನ್ನು ನೋಡಿಕೊಳ್ಳುತ್ತಿದ್ದವರು ಪಾಲ್ ಫಾಕ್ಸ್. ವರ್ಷದ ಕ್ರೀಡಾ ವ್ಯಕ್ತಿ ಯಾರು ಅಂತ ನೋಡುಗರನ್ನೇ ಕೇಳೋಣ ಎಂಬ ಯೋಚನೆ ಅವರದ್ದು. ಜನ ಕಾರ್ಡಿನಲ್ಲಿ ಹೆಸರು ಬರೆದು ಕಳಿಸಿದರು. ಬಂದ ಮತಗಳು 14,517. ಡಿಸೆಂಬರ್ 30ರಂದು ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಸಮಾರಂಭ ನಡೆಯಿತು.

ಈಗ ನೀವೇ ಊಹಿಸಿ. ಅದೇ ವರ್ಷ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ್ದರು. 3 ನಿಮಿಷ 59.4 ಸೆಕೆಂಡು. ಮನುಷ್ಯನ ಕೈಲಿ ಆಗದು ಅಂತ ಎಷ್ಟೋ ಜನ ಅಂದುಕೊಂಡಿದ್ದ ಓಟ. ಇವತ್ತಿಗೂ ಮಕ್ಕಳ ಕ್ವಿಜ್‌ನಲ್ಲಿ ಬರುವ ಹೆಸರು. ಪ್ರಶಸ್ತಿ ಇನ್ನಾರಿಗೆ ಹೋದೀತು?

ಹೋಯಿತು. ಕ್ರಿಸ್ ಚ್ಯಾಟವೇಗೆ. ಬ್ಯಾನಿಸ್ಟರ್‌ಗೆ ಎರಡನೇ ಸ್ಥಾನ.

ತಮಾಷೆ ಏನೆಂದರೆ, ಆ ಮೈಲಿ ಓಟದಲ್ಲಿ ಬ್ಯಾನಿಸ್ಟರ್‌ಗೆ ವೇಗ ಹಿಡಿದುಕೊಡಲು ಮುಂದೆ ಓಡಿದ ಗೆಳೆಯರಲ್ಲಿ ಒಬ್ಬರು ಇದೇ ಚ್ಯಾಟವೇ. ಗೆಳೆಯನಿಗೆ ಗಾಳಿ ಬಡಿಯದ ಹಾಗೆ ಮುಂದೆ ಓಡಿ, ಕೊನೆಯ ಸುತ್ತಿನಲ್ಲಿ ದಾರಿ ಬಿಟ್ಟುಕೊಟ್ಟವರು. ಹಾಗಾದರೆ ಜನ ಅವರಿಗೆ ಯಾಕೆ ಮತ ಹಾಕಿದರು?

ಅಕ್ಟೋಬರ್ 13ರ ರಾತ್ರಿಯ ಕಾರಣಕ್ಕೆ. ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣ, ಲಂಡನ್ ಮತ್ತು ಮಾಸ್ಕೋ ನಡುವೆ ಪಂದ್ಯ, 5,000 ಮೀಟರ್ ಓಟ. ಸೋವಿಯತ್ ಓಟಗಾರ ವ್ಲಾದಿಮಿರ್ ಕುಟ್ಸ್ ಮುಂದೆ, ಚ್ಯಾಟವೇ ಬೆನ್ನಿಗೆ ಅಂಟಿಕೊಂಡು ಹಿಂದೆ. ಕುಟ್ಸ್ ಮತ್ತೆ ಮತ್ತೆ ವೇಗ ಏರಿಸಿ ಕೊಡವಿಕೊಳ್ಳಲು ನೋಡಿದರು. ಆಗಲಿಲ್ಲ. ಗೆರೆ ಹತ್ತಿರ ಬಂದಾಗ, ಕಟ್ಟಕಡೆಯ ಹೆಜ್ಜೆಗಳಲ್ಲಿ, ಚ್ಯಾಟವೇ ಎದೆ ಮುಂದೆ ಚಾಚಿದರು. 13 ನಿಮಿಷ 51.6 ಸೆಕೆಂಡು. ವಿಶ್ವದಾಖಲೆ. ಹತ್ತೇ ದಿನದಲ್ಲಿ ಕುಟ್ಸ್ ಆ ದಾಖಲೆ ಕಿತ್ತುಕೊಂಡರು, ಆ ಮಾತು ಬೇರೆ. ಆದರೆ ಆ ರಾತ್ರಿಯ ಓಟ ಟಿವಿಯಲ್ಲಿ ನೇರವಾಗಿ ಬಂದಿತ್ತು. ಬ್ಯಾನಿಸ್ಟರ್ ಓಟದ ಫಿಲ್ಮನ್ನೂ ಬಿಬಿಸಿ ತೋರಿಸಿತ್ತು. ಆದರೆ ಯಾರು ಗೆಲ್ಲುತ್ತಾರೋ ಗೊತ್ತಿಲ್ಲದೆ, ಕುರ್ಚಿ ತುದಿಗೆ ಬಂದು ನೋಡುವುದೇ ಬೇರೆ. ಕಾರ್ಡು ಬರೆದ ಕೈ ಆ ರಾತ್ರಿ ಕುರ್ಚಿಯನ್ನು ಬಿಗಿಯಾಗಿ ಹಿಡಿದ ಕೈ. ಇದು ನನ್ನ ಲೆಕ್ಕ.

ಪ್ರಶಸ್ತಿಯ ರೂಪ ನೋಡಿದರೂ ಹಾಗೇ ಅನ್ನಿಸುತ್ತದೆ. ಅದು ಕಪ್ಪೂ ಅಲ್ಲ, ಓಟಗಾರನ ಬೊಂಬೆಯೂ ಅಲ್ಲ. ಬೆಳ್ಳಿ ಬಣ್ಣದ ಒಂದು ಟಿವಿ ಕ್ಯಾಮೆರಾ. ಮೂತಿಯಲ್ಲಿ ನಾಲ್ಕು ಲೆನ್ಸು. ಆಗ ಝೂಮ್ ಲೆನ್ಸ್ ಇನ್ನೂ ಅಷ್ಟಾಗಿ ಬಳಕೆಯಲ್ಲಿರಲಿಲ್ಲ. ಹತ್ತಿರದ್ದಕ್ಕೆ ಒಂದು ಲೆನ್ಸ್, ದೂರದ್ದಕ್ಕೆ ಒಂದು. ಕ್ಯಾಮೆರಾದವನು ಹಿಂದಿನ ಹಿಡಿ ತಿರುಗಿಸಿದರೆ ಮುಂದಿನ ತಟ್ಟೆ ತಿರುಗಿ ಬೇರೆ ಲೆನ್ಸ್ ಬರುತ್ತಿತ್ತು. ಅಂಥ ಕ್ಯಾಮೆರಾ ಮೂಲೆ ಸೇರಿ ಎಷ್ಟೋ ದಶಕ ಆಯಿತು. ಪ್ರಶಸ್ತಿ ಮಾತ್ರ ಈಗಲೂ ಅದೇ ಆಕಾರದಲ್ಲಿದೆ.

ಗೆದ್ದವರ ಪಟ್ಟಿಯಲ್ಲಿ ನನಗೆ ಜಾಸ್ತಿ ಇಷ್ಟವಾದ ಹೆಸರು 1975ರದ್ದು. ಡೇವಿಡ್ ಸ್ಟೀಲ್. ಕ್ರಿಕೆಟ್ ಹುಚ್ಚಿರುವವರಿಗೂ ಇವರು ಅಷ್ಟಾಗಿ ನೆನಪಿರಲಿಕ್ಕಿಲ್ಲ. ಆಸ್ಟ್ರೇಲಿಯಾದ ವೇಗದ ಬೌಲರ್‌ಗಳು ಲಿಲ್ಲಿ ಮತ್ತು ಥಾಮ್ಸನ್ ಇಂಗ್ಲೆಂಡಿನ ಬ್ಯಾಟ್ಸ್‌ಮನ್‌ಗಳ ನಿದ್ದೆಗೆಡಿಸಿದ್ದ ಕಾಲ. ಆಗ ತಂಡಕ್ಕೆ ಕರೆತಂದದ್ದು ಈ 33 ವರ್ಷದವರನ್ನು. ನರೆತ ಕೂದಲು, ಕಣ್ಣಿಗೆ ಕನ್ನಡಕ. ಬ್ಯಾಂಕಿನ ಗುಮಾಸ್ತ ಯುದ್ಧಕ್ಕೆ ಹೊರಟಂತಿದೆ ಅಂತ ಒಬ್ಬ ಪತ್ರಕರ್ತ ಬರೆದರು. ಮೊದಲ ಟೆಸ್ಟ್, ಲಾರ್ಡ್ಸ್ ಮೈದಾನ. ಬ್ಯಾಟ್ ಹಿಡಿದು ಮೆಟ್ಟಿಲು ಇಳಿದರು. ಒಂದು ಅಂತಸ್ತು ಜಾಸ್ತಿ ಇಳಿದುಬಿಟ್ಟರು. ಹೋಗಿ ನಿಂತದ್ದು ನೆಲಮಾಳಿಗೆಯ ಶೌಚಾಲಯದಲ್ಲಿ! ಹೇಗೋ ದಾರಿ ಹುಡುಕಿ ಕ್ರೀಸ್‌ಗೆ ಬಂದು 50 ರನ್ ಹೊಡೆದರು. ಮೂರು ಟೆಸ್ಟ್‌ಗಳಲ್ಲಿ 365 ರನ್. ಒಂದೊಂದು ರನ್ನಿಗೂ ಮಾಂಸದ ತುಂಡು ಕೊಡುತ್ತೇನೆ ಅಂತ ಅವರ ಊರಿನ ಮಾಂಸದ ಅಂಗಡಿಯವರು ಬೇರೆ ಮಾತು ಕೊಟ್ಟಿದ್ದರು.

ಸ್ಟೀಲ್ ಆಡಿದ ಆ ಮೂರೂ ಟೆಸ್ಟ್ ಡ್ರಾ. ಸರಣಿ ಆಸ್ಟ್ರೇಲಿಯಾ ಪಾಲು. ಒಂದೂ ಪಂದ್ಯ ಗೆಲ್ಲಿಸದ ಮನುಷ್ಯನನ್ನು ಇಂಗ್ಲೆಂಡಿನ ಜನ ವರ್ಷದ ಕ್ರೀಡಾ ವ್ಯಕ್ತಿ ಅಂತ ಆರಿಸಿದರು. ಮರುವರ್ಷ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಾಗ ಆಯ್ಕೆಗಾರರು ಅವರನ್ನು ಬಿಟ್ಟು ಬಂದರು. ಸ್ಪಿನ್ ಆಡಲು ಬಾರದು ಎಂಬ ಅನುಮಾನ. ಇಲ್ಲಿ ಬೇಡಿ ಇದ್ದರು. ಜೊತೆಗೆ ನಮ್ಮ ಪ್ರಸನ್ನ, ನಮ್ಮ ಚಂದ್ರಶೇಖರ್. ಲಿಲ್ಲಿಯ ಬೌನ್ಸರ್‌ಗೆ ಹೆದರದ ಆ ಕನ್ನಡಕ ಬೆಂಗಳೂರಿನಲ್ಲಿ ಚಂದ್ರ ಅವರ ಚೆಂಡನ್ನು ಹೇಗೆ ಓದುತ್ತಿತ್ತೋ, ನಮಗೆ ನೋಡಲು ಸಿಗಲಿಲ್ಲ.

ಜನರ ಕೈಗೆ ಮತ ಕೊಟ್ಟ ಮೇಲೆ ಜನ ತಮಗೆ ಬೇಕಾದವರನ್ನೇ ಆರಿಸುತ್ತಾರೆ. ಬಿಬಿಸಿಗೆ ಇದು ಬಿಸಿತುಪ್ಪ ಆಯಿತು. 1991ರಲ್ಲಿ ಗಾಳ ಹಾಕಿ ಮೀನು ಹಿಡಿಯುವವರ ಪತ್ರಿಕೆಯೊಂದು ತಮ್ಮ ಚಾಂಪಿಯನ್ ಬಾಬ್ ನಡ್ ಅವರಿಗೆ ಮತ ಹಾಕಿ ಅಂತ ಫಾರಂ ಅಚ್ಚು ಹಾಕಿತು. ಮತ ರಾಶಿ ಬಿತ್ತು. ಇದು ನಿಯಮಕ್ಕೆ ವಿರುದ್ಧ ಅಂತ ಬಿಬಿಸಿ ಅವನ್ನೆಲ್ಲ ಪಕ್ಕಕ್ಕಿಟ್ಟು, ಓಟಗಾರ್ತಿ ಲಿಜ್ ಮೆಕಾಲ್ಗನ್ ಅವರಿಗೆ ಪ್ರಶಸ್ತಿ ಕೊಟ್ಟಿತು. ಲಿಜ್ ಆ ವರ್ಷದ ವಿಶ್ವ ಚಾಂಪಿಯನ್. ಅವರ ಅರ್ಹತೆಗೆ ಎರಡು ಮಾತಿಲ್ಲ. ಆದರೂ ಕೆರೆ ದಂಡೆಯಲ್ಲಿ ಗಂಟೆಗಟ್ಟಲೆ ಸುಮ್ನೆ ಕೂರುವ ಆ ಜನರ ಬಗ್ಗೆ ನನಗೆ ಪಾಪ ಅನ್ನಿಸುತ್ತದೆ. ಅವರದ್ದೂ ಆಟವೇ ತಾನೇ?

ಹೆಂಗಸರ ವಿಷಯದಲ್ಲಿ ತಪ್ಪು ಜನರದ್ದಲ್ಲ, ಪಟ್ಟಿ ಮಾಡಿದವರದ್ದು. 1962ರಲ್ಲಿ ಈಜುಗಾರ್ತಿ ಅನಿತಾ ಲಾನ್ಸ್‌ಬ್ರೋ ಗೆದ್ದರು. ಗೆದ್ದ ಮೊದಲ ಮಹಿಳೆ. ಮುಂದಿನ ಎರಡು ವರ್ಷವೂ ಮಹಿಳೆಯರೇ. ಅಷ್ಟು ಹಿಂದೆಯೇ ಹೀಗಿದ್ದದ್ದು, 2011ಕ್ಕೆ ಬಂದರೆ ಅಂತಿಮ ಪಟ್ಟಿಯಲ್ಲಿ ಹತ್ತು ಹೆಸರು, ಹತ್ತೂ ಗಂಡಸರು! ಆಗ ಪಟ್ಟಿ ಮಾಡುತ್ತಿದ್ದದ್ದು ಪತ್ರಿಕೆಗಳ ಕ್ರೀಡಾ ಸಂಪಾದಕರು. ಅವುಗಳಲ್ಲಿ ಗಂಡಸರಿಗೆಂದೇ ಬರುತ್ತಿದ್ದ ಎರಡು ಮ್ಯಾಗಜೀನ್ ಕೂಡ ಇದ್ದವು. ದೊಡ್ಡ ಗಲಾಟೆ ಆಯಿತು. ಮರುವರ್ಷ ಕ್ರಮ ಬದಲಾಯಿತು. 2021ರಿಂದ 2024ರವರೆಗೆ ಸತತ ನಾಲ್ಕು ವರ್ಷ ಗೆದ್ದವರು ಮಹಿಳೆಯರು. ಅವರಲ್ಲಿ ಇಬ್ಬರು ಫುಟ್‌ಬಾಲ್ ಆಟಗಾರ್ತಿಯರು.

ಕಾರ್ಡು ಹೋಗಿ ಫೋನ್ ಬಂತು, ಆಮೇಲೆ ಆನ್‌ಲೈನ್. ಲಂಡನ್ ಒಲಿಂಪಿಕ್ಸ್ ನಡೆದ 2012ರಲ್ಲಿ 16 ಲಕ್ಷಕ್ಕೂ ಜಾಸ್ತಿ ಮತ ಬಿದ್ದವು. ಈಚೆಗೆ ಬಿಬಿಸಿ ನಮ್ಮ ದೇಶದ ಆಟಗಾರ್ತಿಯರಿಗೂ ಒಂದು ಪ್ರಶಸ್ತಿ ಶುರು ಮಾಡಿದೆ. ಅಲ್ಲೂ ಮತ ಜನರದ್ದೇ. 2020ರಲ್ಲಿ ಮೊದಲು ಪಡೆದವರು ಪಿ.ವಿ. ಸಿಂಧು. ಮರುವರ್ಷ ಜೀವಮಾನ ಸಾಧನೆಯ ಗೌರವ ಅಂಜು ಬಾಬಿ ಜಾರ್ಜ್ ಅವರಿಗೆ. ಬೆಂಗಳೂರಿನಲ್ಲಿ ಮಕ್ಕಳಿಗೆ ಜಿಗಿಯಲು ಕಲಿಸುತ್ತಿರುವ ನಮ್ಮ ಅಂಜು.

ಚ್ಯಾಟವೇ ಕಥೆ ಅರ್ಧಕ್ಕೇ ಬಿಟ್ಟೆ. ಅವರು ಆಮೇಲೆ ಟಿವಿಯಲ್ಲಿ ವಾರ್ತೆ ಓದಿದರು. ಪಾರ್ಲಿಮೆಂಟಿಗೆ ಆರಿಸಿ ಬಂದರು. 1970ರಲ್ಲಿ ಸಚಿವರಾದರು. ಕಾರ್ಡಿನಿಂದ ಗೆದ್ದ ಮನುಷ್ಯನಿಗೆ ಸಿಕ್ಕ ಖಾತೆ ಯಾವುದು ಗೊತ್ತೇ? ಅಂಚೆ ಮತ್ತು ದೂರಸಂಪರ್ಕ. ಬ್ರಿಟನ್ನಿನಲ್ಲಿ ಖಾಸಗಿ ರೇಡಿಯೋಗೆ ದಾರಿ ಮಾಡಿಕೊಟ್ಟವರೂ ಅವರೇ. ನಮಸ್ಕಾರ.