ಫ್ರಿಜ್ಜಿನ ತಲೆಯ ಮೇಲೆ ಬ್ಯಾಡಗಿ
ಇದು ಮಾರ್ಚ್ ಮಧ್ಯದ ಮಿನಿಯಾಪೊಲಿಸ್, ಅಮೆರಿಕದ ಉತ್ತರದ ಚಳಿಯ ಊರು. ಅಂಗಳದ ಹಿಮ ಇನ್ನೂ ಕರಗಿಲ್ಲ. ಈಗ ಕ್ಯಾಮೆರಾವನ್ನು ಅಡುಗೆಮನೆಯ ಕಡೆ ತಿರುಗಿಸುತ್ತೇನೆ: ಫ್ರಿಜ್ಜಿನ ಮೇಲಿನ ಈ ತಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮೊಳೆಯುತ್ತಿದೆ.

ಮೊಳೆಯುತ್ತಿದೆ ಎಂದದ್ದು ತುಸು ಜಂಬ. ಬಿತ್ತಿ 12 ದಿನವಾಯಿತು, 20 ಬೀಜಗಳಲ್ಲಿ ತಲೆ ಎತ್ತಿದ್ದು ಮೂರೇ. ಊರಿನಿಂದ ಬೀಜ ತರಬೇಕೆಂದರೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಹಾಗಾಗಿ ಇಲ್ಲಿನ ಭಾರತೀಯ ದಿನಸಿ ಅಂಗಡಿಯಿಂದ ಸಾರಿನ ಪುಡಿಗೆಂದು ತಂದ ಒಣ ಮೆಣಸಿನಕಾಯಿಯನ್ನೇ ಮುರಿದು ಬೀಜ ಉದುರಿಸಿಕೊಂಡೆ. ಮೆಣಸಿನ ಬೀಜ ಸೋಮಾರಿ; 25ರಿಂದ 30 ಡಿಗ್ರಿ ಬಿಸಿ ಸಿಕ್ಕರೂ ಎರಡು ವಾರ, ಕೆಲವೊಮ್ಮೆ ಮೂರು ವಾರ ಮಲಗಿರುತ್ತದೆ. ಟೊಮೆಟೊ ಒಂದೇ ವಾರದಲ್ಲಿ ಎದ್ದು ಕೂರುತ್ತದೆ. ಇಲ್ಲಿ ಮೇ ಮಧ್ಯದವರೆಗೆ ಸಸಿಯನ್ನು ನೆಲಕ್ಕೆ ಇಳಿಸುವ ಧೈರ್ಯ ನನಗಿಲ್ಲ. ಆದ್ದರಿಂದ ಮೆಣಸಿಗೆ ಹತ್ತು ವಾರ ಮೊದಲು, ಟೊಮೆಟೊಗೆ ಆರು ವಾರ ಮೊದಲು ಬಿತ್ತನೆ.

ಮೊದಲ ವರ್ಷ ಎರಡನ್ನೂ ಒಟ್ಟಿಗೆ ಬಿತ್ತಿದ್ದೆ. ಟೊಮೆಟೊ ಸಸಿಗಳು ಕಿಟಕಿಯ ಬಡ ಬೆಳಕಿಗೆ ಹಾತೊರೆದು ನೂಲಿನಂತೆ ಉದ್ದವಾಗಿ ಅಡ್ಡ ಮಲಗಿದವು. ಅವಕ್ಕೇನೋ ಉಪಾಯವಿತ್ತು: ಬೀಜದೆಲೆಯವರೆಗೂ ಹೂತು ನೆಟ್ಟೆ, ಹೂತ ಕಾಂಡವೇ ಬೇರು ಬಿಟ್ಟಿತು. ಮೆಣಸಿನ ಕಥೆ ಬೇರೆ. ಹಾವೇರಿಯಿಂದ ಅವ್ವ ಫೋನಿನಲ್ಲಿ, “ಎರಡು ಹೊತ್ತೂ ನೀರು ಹಾಕು, ಅಗೆ ಬಾಡಬಾರದು” ಎಂದಳು. ಅಲ್ಲಿನ ಬಿಸಿಲಿಗೆ ಅದು ಸರಿಯಾದ ಮಾತು. ಇಲ್ಲಿ ಮುಚ್ಚಿದ ಮನೆಯಲ್ಲಿ ಮಣ್ಣು ಆರಲೇ ಇಲ್ಲ. ಒಂದು ಬೆಳಿಗ್ಗೆ ನೋಡಿದರೆ ಸಸಿಗಳ ಬುಡ, ದಾರ ಬಿಗಿದು ಹಿಸುಕಿದಂತೆ ಸಣ್ಣಗಾಗಿತ್ತು. ಎಲೆ ಹಸಿರಾಗಿಯೇ ಇತ್ತು, ಗಿಡ ನೆಲಕ್ಕೆ ಒರಗಿತ್ತು. ಸಸಿ ಕೊಳೆ ರೋಗ. ಅವ್ವನಿಗೆ ಬೆಕ್ಕು ಬೀಳಿಸಿತು ಎಂದು ಹೇಳಿದೆ. ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ.

ಈಗ ಕುಂಡಗಳನ್ನು ನೀರಿನ ತಟ್ಟೆಯಲ್ಲಿ ಅರ್ಧ ಗಂಟೆ ಇಟ್ಟು ತೆಗೆಯುತ್ತೇನೆ, ಮೇಲ್ಮಣ್ಣು ಒಣಗುವವರೆಗೆ ಮತ್ತೆ ಮುಟ್ಟುವುದಿಲ್ಲ. ಮೊಳೆತದ್ದನ್ನು ತಕ್ಷಣ ಎಲ್‌ಇಡಿ ದೀಪದ ಕೆಳಗೆ, ನಾಲ್ಕು ಬೆರಳು ಅಂತರದಲ್ಲಿ, ದಿನಕ್ಕೆ 16 ಗಂಟೆ. ಪಕ್ಕದಲ್ಲಿ ಪುಟ್ಟ ಫ್ಯಾನ್, ಕಾಂಡ ಗಟ್ಟಿಯಾಗಲೆಂದು.

ನಿಲ್ಲಿ, ಹತ್ತಿರದಿಂದ ತೋರಿಸುತ್ತೇನೆ. ನಾಲ್ಕನೆಯದು! ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತುಕೊಂಡೇ ಎದ್ದಿದೆ. ಕಳಚಿಬಿಡೋಣ ಎಂದು ಬೆರಳು ತುರಿಸುತ್ತಿದೆ, ಆದರೆ ಎಳೆದರೆ ಕತ್ತೇ ಕಿತ್ತು ಬರುತ್ತದೆ. ಸಿಪ್ಪೆ ನೆನೆಯಲಿ ಎಂದು ಒಂದು ಹನಿ ನೀರು ಇಟ್ಟಿದ್ದೇನೆ. ಸಂಜೆ ಮತ್ತೆ ನೋಡುತ್ತೇನೆ.