ಅಡ್ವಾನ್ಸ್ ಕೊಟ್ಟು ಕಟ್ಟಿಹಾಕಿದರೆ ಅದೂ ಜೀತಾನೇ!

ಜೀತ ಅಂದ ತಕ್ಷಣ ಹಳೇ ಕಾಲದ ಸಾಹುಕಾರ, ಅವನ ದನ ಕಾಯುವ ಹುಡುಗ ನೆನಪಾಗುತ್ತಾರೆ ಅಲ್ವಾ? ಈಗ ಬೆಂಗಳೂರಿನಿಂದ ಆನೇಕಲ್ ಕಡೆಗೋ ಹೊಸಕೋಟೆ ಕಡೆಗೋ ಹೊರಡಿ. ದಾರಿಯಲ್ಲಿ ಇಟ್ಟಿಗೆ ಗೂಡುಗಳು ಸಿಗುತ್ತವೆ. ಎಲ್ಲ ಗೂಡಲ್ಲೂ ಜೀತ ಇದೆ ಅಂತ ನಾನು ಹೇಳುತ್ತಿಲ್ಲ, ಆದರೆ ಇಂಥ ಕಡೆ ಜೀತ ಹುಟ್ಟುವ ರೀತಿ ನೋಡಿ. ಮೇಸ್ತ್ರಿ ಊರಿಗೇ ಬಂದು ಅಡ್ವಾನ್ಸ್ ಕೊಡುತ್ತಾನೆ, ಮನೆಯಲ್ಲಿ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾಗಿರುತ್ತದೆ, ಗಂಡ ಹೆಂಡತಿ ಮಕ್ಕಳು ಎಲ್ಲರೂ ಲಾರಿ ಹತ್ತುತ್ತಾರೆ. ಕೂಲಿ ಕೇಳಿದರೆ "ಸಾಲಕ್ಕೆ ಮುರ್ಕೊಂಡಿದೀನಿ". ಊರಿಗೆ ಹೋಗ್ತೀನಿ ಅಂದರೆ "ದುಡ್ಡು ಇಟ್ಟು ಹೋಗು". ಸರಪಳಿಯೇ ಬೇಕಿಲ್ಲ.

[ತೆರೆಯ ಮೇಲೆ: ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ, 1976]

ಈ ಕಾಯ್ದೆ ಪ್ರಕಾರ ಆ ಸಾಲ ಸತ್ತುಹೋದ ಸಾಲ. ಒಂದು ಪೈಸೆ ವಾಪಸ್ ಕೊಡಬೇಕಾಗಿಲ್ಲ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ: ಇದು ಜೀತದ ಸಾಲ ಅಂತ ಕೆಲಸಗಾರ ಹೇಳಿದರೆ, ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟ ಮಾಲೀಕ.

"ಅವರೇ ಒಪ್ಪಿ ಬಂದಿದ್ದಾರಲ್ಲ ಸಾರ್" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ, 1930ರಲ್ಲೇ ತನ್ನ 29ನೇ ಒಪ್ಪಂದದಲ್ಲಿ ಇದಕ್ಕೆ ಅಳತೆ ಹಾಕಿಕೊಟ್ಟಿದೆ. ಶಿಕ್ಷೆಯ ಬೆದರಿಕೆ ಇರಬೇಕು, ಕೆಲಸಗಾರ ಸ್ವಂತ ಇಷ್ಟದಿಂದ ಮುಂದೆ ಬಂದಿರಬಾರದು, ಆಗ ಅದು ಬಲವಂತದ ದುಡಿಮೆ. ಭಾರತ ಇದನ್ನು 1954ರಲ್ಲಿ ಅನುಮೋದಿಸಿತು.

ನಮ್ಮ ಸುಪ್ರೀಂ ಕೋರ್ಟ್ 1982ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೆಹಲಿಯ ಏಷ್ಯಾಡ್‌ಗೆ, ಅಂದರೆ ಏಷ್ಯನ್ ಕ್ರೀಡಾಕೂಟಕ್ಕೆ, ಸ್ಟೇಡಿಯಂ, ಫ್ಲೈಓವರ್ ಕಟ್ಟುತ್ತಿದ್ದ ಕೂಲಿಗಳ ಕೇಸ್ ಅದು. ದಿನಕ್ಕೆ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ, ಅದರಲ್ಲಿ 1 ರೂಪಾಯಿ ಕೂಲಿಗಳನ್ನು ಕರೆತಂದ ಜಮಾದಾರನ ಕಮಿಷನ್. ಕೋರ್ಟ್ ಹೇಳಿದ್ದು ಇಷ್ಟೇ: ಹಸಿವಿಗೆ ಬೇರೆ ದಾರಿ ಇಲ್ಲದೆ ಕನಿಷ್ಠ ಕೂಲಿಗಿಂತ ಕಮ್ಮಿಗೆ ದುಡಿದರೆ ಅದೂ ಬಲವಂತವೇ, ಬಲವಂತದ ದುಡಿಮೆ ನಿಷೇಧಿಸುವ ಸಂವಿಧಾನದ 23ನೇ ವಿಧಿಗೆ ವಿರುದ್ಧ. ನನ್ನ ಪ್ರಕಾರ ಈ ವಿಷಯದಲ್ಲಿ ನಮ್ಮಲ್ಲಿ ಬಂದ ಅತಿ ದೊಡ್ಡ ಮಾತು ಇದು.

ಹಾಗಾದರೆ ತೊಂದರೆ ಎಲ್ಲಿದೆ? 1976ರ ಕಾಯ್ದೆಯ ಶಿಕ್ಷೆ ನೋಡಿ, ಮೂರು ವರ್ಷದವರೆಗೆ ಜೈಲು, ದಂಡ 2,000 ರೂಪಾಯಿವರೆಗೆ. ದಂಡದ ಮೊತ್ತ 1976ರಿಂದ ಅಲ್ಲೇ ನಿಂತಿದೆ! ಇವತ್ತು ಇದಕ್ಕೆ ಯಾವ ಮಾಲೀಕ ಹೆದರುತ್ತಾನೆ?

ಅದಕ್ಕಿಂತ ದೊಡ್ಡ ತಲೆನೋವು ಬಿಡುಗಡೆ ಪತ್ರ, ಅಂದರೆ ಇವರು ಜೀತದಿಂದ ಬಿಡುಗಡೆಯಾದವರು ಅಂತ ಸರ್ಕಾರ ಕೊಡುವ ದಾಖಲೆ. ಜೀತದಿಂದ ಬಿಡಿಸಿದವರಿಗೆ ತಕ್ಷಣ 30,000 ರೂಪಾಯಿವರೆಗೆ ನೆರವು, ಆಮೇಲೆ ಗಂಡಸರಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ತೀರಾ ಕೆಟ್ಟ ಶೋಷಣೆಯಾಗಿದ್ದರೆ 3 ಲಕ್ಷ ಅಂತ ಕೇಂದ್ರದ ಯೋಜನೆ ಇದೆ. ಆದರೆ ಆ ಪತ್ರ ಕೈಗೆ ಬರಬೇಕು, ದೊಡ್ಡ ಮೊತ್ತ ಬರೋದಕ್ಕೆ ಕೇಸ್ ಕೂಡ ಮುಗಿಯಬೇಕು. ಅಷ್ಟರಲ್ಲಿ ಮನೆಯವರು ಹೊಟ್ಟೆಪಾಡಿಗೆ ಇನ್ನೊಬ್ಬ ಮೇಸ್ತ್ರಿಯ ಅಡ್ವಾನ್ಸ್ ಹಿಡಿಯಬೇಕಾಗಿ ಬಂದರೆ ಬೈಯೋದು ಯಾರಿಗೆ?

ಬಲವಂತದ ದುಡಿಮೆ ತಡೆಯೋದು, ಸಿಕ್ಕಿಬಿದ್ದವರಿಗೆ ಪರಿಹಾರ ಕೊಡೋದು, ಇದರ ಬಗ್ಗೆಯೇ ಐಎಲ್‌ಒ 2014ರಲ್ಲಿ ಹೊಸ ಪ್ರೋಟೊಕಾಲ್, ಅಂದರೆ ಆ 29ನೇ ಒಪ್ಪಂದಕ್ಕೆ ಪೂರಕ ಒಪ್ಪಂದ, ತಂದಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಕೇಳಬೇಕಾದವರು ನಾವು, ಎಂಪಿ ಓಟು ಕೇಳೋಕೆ ಬಂದಾಗ ಸುಮ್ನೆ ಒಂದು ಸಲ ಕೇಳಿ.

ಅನುಮಾನ ಬಂದರೆ ನೀವೇ ಹೋಗಿ ಮಾಲೀಕನ ಜೊತೆ ಜಗಳಕ್ಕೆ ನಿಲ್ಲಬೇಡಿ, ರಾತ್ರೋರಾತ್ರಿ ಕೆಲಸಗಾರರನ್ನೇ ಬೇರೆ ಕಡೆ ಸಾಗಿಸಿಬಿಡಬಹುದು. ಡಿಸಿ ಅಥವಾ ಎಸಿ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.