ಬೀಳಲು ಒಪ್ಪದವನನ್ನು ಬೀಳಿಸಿ ತೋರಿಸಿ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಆನಂದವಾಡಿ ಅಖಾಡದ ಕುಸ್ತಿಗಳ ಬಗ್ಗೆ ನಾನು ಮಾಡಿದ್ದ ಕಳೆದ ವಿಡಿಯೊದ ಕೆಳಗೆ ಒಬ್ಬ ಮಹನೀಯರು ಹೀಗೆ ಬರೆದಿದ್ದಾರೆ: "ಕುಸ್ತಿ ಎಂದರೆ ಬರೀ ಮೈಭಾರ. ತಾಯ್ ಚಿ ಅದಕ್ಕಿಂತ ಎಷ್ಟೋ ಕಠಿಣ, ಆತ್ಮರಕ್ಷಣೆಗೂ ಅದೇ ಮೇಲು." ಎರಡು ದಿನದಿಂದ ಈ ಕಮೆಂಟ್ ನನ್ನ ನಿದ್ದೆ ಕೆಡಿಸಿದೆ. ಬರೀ ಮೈಭಾರವಂತೆ! 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಿಂದ ಕುಸ್ತಿಯ ಕಂಚಿನ ಪದಕ ತಂದ ಕರಾಡ ಸೀಮೆಯ ಖಾಶಾಬಾ ಜಾಧವ್ ಅವರು ಸೆಣಸಿದ್ದು 57 ಕಿಲೊ ತೂಕದ ವಿಭಾಗದಲ್ಲಿ. ನಮ್ಮ ರವಿವಾರ ಪೇಟೆಯ ಹಮಾಲರು ಅದಕ್ಕಿಂತ ಭಾರದ ಚೀಲವನ್ನು ಬೀಡಿ ಸೇದುತ್ತಲೇ ಹೊತ್ತು ಹೋಗುತ್ತಾರೆ.

ನಾನು ತಾಯ್ ಚಿಯ ಗಂಧ ಗಾಳಿ ಇಲ್ಲದೆ ಮಾತನಾಡುತ್ತಿಲ್ಲ. ಕೋಟೆ ಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದ ಬೆಳಗಿನ ತರಗತಿಗೆ ಆರು ವಾರ ಹೋಗಿದ್ದೇನೆ. ಚೀನಾದ ಹೆನಾನ್ ಪ್ರಾಂತದ ಚೆನ್ ಮನೆತನದವರ ಹಳ್ಳಿಯಲ್ಲಿ ಕಾದಾಟದ ವಿದ್ಯೆಯಾಗಿಯೇ ಬೆಳೆದದ್ದು ಅದು; ಆದರೆ ಇಂದು ಹೆಚ್ಚಿನವರು ಕಲಿಯುವುದು 1956ರಲ್ಲಿ ಜನಸಾಮಾನ್ಯರ ಆರೋಗ್ಯಕ್ಕೆಂದು ಸರಳಗೊಳಿಸಿದ 24 ಭಂಗಿಗಳ ಸರಣಿಯನ್ನು. ಮಂಡಿ ಬಗ್ಗಿಸಿಕೊಂಡು ಮೈಭಾರವನ್ನೆಲ್ಲ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೆಲ್ಲಗೆ ದಾಟಿಸುವಾಗ ತೊಡೆ ಗಡಗಡ ನಡುಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ವಯಸ್ಸಾದವರು ಮುಗ್ಗರಿಸಿ ಬೀಳುವುದನ್ನೂ ಅದು ಕಡಿಮೆ ಮಾಡುತ್ತದೆ. ನಮ್ಮ ಅವ್ವನನ್ನು ಆ ತರಗತಿಗೆ ಸೇರಿಸಿದವನೇ ನಾನು. ಆದರೆ ಆ ಆರು ವಾರಗಳಲ್ಲಿ ಒಬ್ಬರೂ ಒಮ್ಮೆಯೂ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಲಿಲ್ಲ. ನನ್ನ ತಕರಾರು ಇಷ್ಟೇ: ಬೀಳಲು ಒಪ್ಪದವನನ್ನು ಬೀಳಿಸುವ ರೂಢಿ ಇಲ್ಲದ ವಿದ್ಯೆ ಬೀದಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಮನೆಯಲ್ಲಿ, ಈ ರೂಢಿ ಮೊದಲ ದಿನದಿಂದಲೇ ಆರಂಭವಾಗುತ್ತದೆ. ನಸುಕಿನಲ್ಲಿ ಗುದ್ದಲಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆರಸ ಕುಡಿದ ಕೆಮ್ಮಣ್ಣನ್ನು ಅಗೆದು ಹದ ಮಾಡುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ. ದಂಡ, ಬೈಠಕ್ ಮುಗಿದ ಮೇಲೆ ಕಲಿಸುವ ಗುರುಗಳಾದ ವಸ್ತಾದರು ಜೋಡಿ ಹಚ್ಚುತ್ತಾರೆ. ನೀವು ಎದುರಾಳಿಯ ಕಾಲಿಗೆ ಕೈ ಹಾಕುವ ಮೊದಲೇ ಅವನು ನಿಮ್ಮ ಕತ್ತಿನ ಮೇಲೆ ತನ್ನ ಭಾರವನ್ನೆಲ್ಲ ಹೇರಿರುತ್ತಾನೆ. ಅವನ ಬೆವರು ನಿಮ್ಮ ಕಣ್ಣಿಗಿಳಿಯುತ್ತದೆ, ಮಣ್ಣು ಹಲ್ಲಿನ ಸಂದಿಗೆ ಹೋಗುತ್ತದೆ. ಜಂಗಿ ನಿಕಾಲಿ ಕುಸ್ತಿಯಲ್ಲಿ ಅಂಕಗಳ ಲೆಕ್ಕವಿಲ್ಲ, ಒಬ್ಬನ ಬೆನ್ನು ಮಣ್ಣಿಗೆ ಹತ್ತಲೇಬೇಕು.

ಆರು ವಾರದ ವಿದ್ಯೆಯ ಹುಮ್ಮಸ್ಸಿನಲ್ಲಿ ನಾನೊಮ್ಮೆ ತಾಲೀಮಿಗೆ ಹೋಗಿ, ಎಂಟನೆಯ ತರಗತಿಯ ಒಬ್ಬ ಹುಡುಗನಿಗೆ ನನ್ನ ಮಣಿಕಟ್ಟನ್ನು ಹಿಡಿಯಲು ಹೇಳಿದೆ. ಉಸಿರೆಳೆದು, ಸೊಂಟ ಸಡಿಲಿಸಿ, ಕೈಯನ್ನು ಮೋಡದಂತೆ ತಿರುಗಿಸುವಷ್ಟರಲ್ಲಿ ಮೇಲೆ ಪತ್ರಾಸಿನ ಛಾವಣಿ ಕಾಣುತ್ತಿತ್ತು. ಹುಡುಗ ನನ್ನ ಎದೆಯ ಮೇಲಿನಿಂದ ಬಗ್ಗಿ, "ಅಣ್ಣಾರ, ಯಾವಾಗ ಚಾಲೂ ಮಾಡ್ತೀರಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದ. ಈ ಪ್ರಸಂಗಕ್ಕೆ ನಕ್ಕವರು ಚಾನೆಲ್ಲಿಗೆ ಚಂದಾದಾರರಾಗಿರಿ. ನಮ್ಮ ಟೀ ಶರ್ಟುಗಳೂ ಬಂದಿವೆ, ಕೆಮ್ಮಣ್ಣಿನ ಬಣ್ಣದವು, ಕಲೆ ಕಾಣುವುದಿಲ್ಲ.

ತಾಯ್ ಚಿಯಲ್ಲಿಯೂ ಇಬ್ಬರು ಎದುರುಬದುರು ನಿಂತು ಕೈಗೆ ಕೈ ತಾಗಿಸಿ ತಳ್ಳುವ ಅಭ್ಯಾಸವಿದೆ ಎನ್ನುತ್ತೀರಿ. ಇದೆ. ನಿಮ್ಮ ತರಗತಿಯಲ್ಲಿ ಕೊನೆಯ ಬಾರಿ ಯಾರು, ಯಾವಾಗ ಬಿದ್ದರು, ಹೇಳಿ. 19ನೆಯ ಶತಮಾನದ ತಾಯ್ ಚಿ ಗುರು ಯಾಂಗ್ ಲುಚಾನ್ ಸೋಲನ್ನೇ ಅರಿಯದವರು ಎನ್ನುತ್ತೀರಿ. ಅಜ್ಜ ತುಪ್ಪ ಉಂಡಿದ್ದರೆ ನಾವು ನಿಮ್ಮ ಕೈ ಮೂಸಬೇಕೇ? 2017ರಲ್ಲಿ ಚೆಂಗ್ಡುವಿನಲ್ಲಿ ಶು ಶಿಯಾವೊಡಾಂಗ್ ಎಂಬ ಮಿಶ್ರ ಸಮರಕಲೆಯ ಹೋರಾಟಗಾರ ಒಬ್ಬ ತಾಯ್ ಚಿ ಗುರುವನ್ನು ಮಣಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವನು ಕುಸ್ತಿಪಟುವಲ್ಲ ಎಂದು ಈಗಲೇ ಟೈಪು ಮಾಡುತ್ತಿರುವವರೇ, ಬೆರಳಿಗೆ ಸ್ವಲ್ಪ ವಿಶ್ರಾಂತಿ ಕೊಡಿ: ಅವನೂ ದಿನಬೆಳಗಾದರೆ ಬೀಳಲು ಒಪ್ಪದವರ ಜೊತೆಗೇ ಗುದ್ದಾಡಿದವನು.

ಡಾಂಬರು ರಸ್ತೆಯಲ್ಲಿ ಮೂವರು ಚಾಕು ಹಿಡಿದು ಬಂದರೆ ನಿಮ್ಮ ಪೈಲ್ವಾನ ಏನು ಮಾಡುತ್ತಾನೆ ಎಂಬುದು ಇನ್ನೊಬ್ಬರ ಪ್ರಶ್ನೆ. ಓಡುತ್ತಾನೆ, ಸ್ವಾಮಿ! ಓಡುವುದಕ್ಕೂ ಬೈಠಕ್ ಹೊಡೆದ ಕಾಲುಗಳೇ ಬೇಕು. ನೀವು ಮೋಡ ತಿರುಗಿಸುತ್ತ ಅಲ್ಲಿಯೇ ನಿಂತಿರಿ.

ಒಪ್ಪದವನು! ಈ ಒಂದು ಶಬ್ದವನ್ನು ಇನ್ನೆಷ್ಟು ಸಲ ಹೇಳಲಿ? ತಾನಾಗಿ ಬೀಳುವವನನ್ನು ನಮ್ಮ ಅವ್ವನೂ ಬೀಳಿಸುತ್ತಾಳೆ. ನನ್ನ ಮುಂದಿರುವ ಹಾಳೆಯಲ್ಲಿ ಇನ್ನೂ ನಾಲ್ಕು ಅಂಶಗಳನ್ನು ಬರೆದುಕೊಂಡಿದ್ದೇನೆ. ನಾಲ್ಕೂ ಇದೇ ಆಗಿರುವುದರಿಂದ ಓದುವುದಿಲ್ಲ. ಕಮೆಂಟ್ ಬರೆದ ಮಹನೀಯರೇ, ಬರುವ ರವಿವಾರ ಬೆಳಗಿನ ಐದು ಗಂಟೆಗೆ ತಾಲೀಮಿಗೆ ದಯಮಾಡಿಸಿ. ಆ ಹುಡುಗ ಈಗ ಒಂಬತ್ತನೆಯ ತರಗತಿಯಲ್ಲಿದ್ದಾನೆ, ತೂಕವೂ ನಾಲ್ಕು ಕಿಲೊ ಏರಿದೆ. ಟವೆಲ್ ನೀವೇ ತನ್ನಿ. ಬಾದಾಮಿ ಹಾಲಿನ ಖರ್ಚು ನನ್ನದು.